ಮೋಸದ ಫೋನ್ ಯಾವುದೆಂದು ಗುರುತು ಹಿಡಿಯಲು ಹೋಗಬೇಡಿ, ಇಟ್ಟುಬಿಡಿ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ತಂದೆ ಗದಗದಲ್ಲಿದ್ದಾರೆ. ವಯಸ್ಸು 71, ಸರ್ಕಾರಿ ಶಾಲೆಯಿಂದ ನಿವೃತ್ತರಾದ ಶಿಕ್ಷಕರು. ಹತ್ತು ದಿನದ ಹಿಂದೆ ಒಬ್ಬ ಪೆನ್ಷನ್ ಆಫೀಸಿನಿಂದ ಎಂದು ಫೋನ್ ಮಾಡಿದ. ಲೈಫ್ ಸರ್ಟಿಫಿಕೇಟ್ ಅವಧಿ ಮುಗಿದಿದೆ, ಈಗಲೇ ಮಾಡಿಸದಿದ್ದರೆ ಪೆನ್ಷನ್ ನಿಲ್ಲುತ್ತದೆ ಎಂದು ಹೆದರಿಸಿ ಒಟಿಪಿ ಕೇಳಿದ. ಅಪ್ಪ ಹೇಳಿಬಿಟ್ಟರು, 38,000 ರೂಪಾಯಿ ಹೋಯಿತು. ನಮಗೆ ಹೇಳಿದ್ದೇ ಮೊನ್ನೆ. ಈಗ ಯಾರ ಫೋನೂ ಎತ್ತುವುದಿಲ್ಲ, ನಾನು ಮಾಡಿದರೂ ಎರಡು ಮೂರು ಸಲ ಮಾಡಬೇಕು. ಹಣ ವಾಪಸ್ ಬರುತ್ತದಾ? ಬರುವ ಕರೆ, ಮೆಸೇಜು, ಇಮೇಲುಗಳಲ್ಲಿ ಯಾವುದು ನಿಜ, ಯಾವುದು ಮೋಸ ಅಂತ ಅವರಿಗೆ ಹೇಗೆ ಕಲಿಸಲಿ? ಸ್ಮಾರ್ಟ್‌ಫೋನ್ ಬಿಡಿಸಿ ಬಟನ್ ಫೋನ್ ಕೊಟ್ಟರೆ ಸರಿಹೋಗುತ್ತದಾ?

ಉತ್ತರ: ಮೊದಲು ಇಷ್ಟು ಮಾಡಿ, ಉಳಿದದ್ದು ಆಮೇಲೆ ಓದಿ. ತಂದೆಯವರ ಪಾಸ್‌ಬುಕ್ಕನ್ನೂ ದುಡ್ಡು ಕಟ್ಟಾದ ಮೆಸೇಜನ್ನೂ ಎದುರಿಗೆ ಇಟ್ಟುಕೊಂಡು 1930ಕ್ಕೆ ಫೋನ್ ಮಾಡಿ. ಆನ್‌ಲೈನ್ ಹಣದ ಮೋಸಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಇದು. ಬ್ಯಾಂಕಿನ ಹೆಸರು, ಖಾತೆ ನಂಬರು, ಎಷ್ಟು ಹಣ, ಯಾವ ದಿನ ಎಷ್ಟು ಗಂಟೆಗೆ ಹೋಯಿತು, ಫೋನ್ ಬಂದದ್ದು ಯಾವ ನಂಬರಿನಿಂದ ಅಂತೆಲ್ಲ ಕೇಳುತ್ತಾರೆ. ಯುಪಿಐ ಮೂಲಕ ಹೋಗಿದ್ದರೆ ಮೆಸೇಜಿನಲ್ಲಿ 12 ಅಂಕಿಯ ರೆಫರೆನ್ಸ್ ನಂಬರ್ ಇರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಬೇಕಾಗುವುದು ಅದು. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ನೀವೇ ದೂರು ಹಾಕಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಆಮೇಲೆ ಬ್ಯಾಂಕಿನ ಶಾಖೆಗೆ ಹೋಗಿ. ಬಾಯಿಮಾತಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಸಹಿ ಹಾಕಿಸಿಕೊಂಡು ಬನ್ನಿ. ಅಲ್ಲೇ ನಿಂತು ಕಾರ್ಡು ಬ್ಲಾಕ್ ಮಾಡಿಸಿ, ನೆಟ್‌ಬ್ಯಾಂಕಿಂಗ್ ನಿಲ್ಲಿಸಿ, ಯುಪಿಐ ಪಿನ್ ಬದಲಿಸಿ. ಹತ್ತು ದಿನ ಆಯಿತು, ಇನ್ನೇನು ಅಂತ ಬಿಡಬೇಡಿ. ಆ ಒಟಿಪಿಯಿಂದ ಅವನು ಒಂದೇ ಸಲ ಹಣ ಎತ್ತಿದನೋ, ಅಥವಾ ತನ್ನ ಫೋನಿನಲ್ಲಿ ತಂದೆಯವರ ಖಾತೆಯನ್ನೇ ತೆರೆದಿಟ್ಟುಕೊಂಡು ಮುಂದಿನ ಪೆನ್ಷನ್ ಬೀಳಲಿ ಅಂತ ಕಾಯುತ್ತಿದ್ದಾನೋ, ನಿಮಗೆ ಗೊತ್ತಿಲ್ಲ ಅಲ್ವಾ?

ಹಣ ವಾಪಸ್ ಬರುತ್ತದಾ ಅನ್ನುವುದಕ್ಕೆ ಸುಮ್ನೆ ಸಮಾಧಾನದ ಮಾತು ಹೇಳುವುದಿಲ್ಲ. ಹತ್ತು ದಿನ ಆಗಿರುವುದರಿಂದ ಸಾಧ್ಯತೆ ಕಡಿಮೆ. ಕದ್ದ ಹಣ ಒಂದು ಖಾತೆಯಲ್ಲಿ ಕೂರುವುದಿಲ್ಲ. ಮೊದಲ ಖಾತೆಯಿಂದ ನಾಲ್ಕಾರು ಖಾತೆಗಳಿಗೆ ಹರಿದು, ಅಲ್ಲಿಂದ ಮತ್ತೆ ಬೇರೆ ಕಡೆ ಹೋಗಿ, ಕೊನೆಗೆ ಯಾವುದೋ ಊರಿನ ಎಟಿಎಂನಲ್ಲಿ ನೋಟಾಗಿ ಹೊರಬರುತ್ತದೆ. 1930ಕ್ಕೆ ದೂರು ಹೋದ ಕೂಡಲೇ ಅದು ಆನ್‌ಲೈನ್‌ನಲ್ಲೇ ಬ್ಯಾಂಕುಗಳಿಗೆ ಮುಟ್ಟುತ್ತದೆ. ಹಣ ಇನ್ನೂ ಎಲ್ಲಾದರೂ ಉಳಿದಿದ್ದರೆ ಆ ಖಾತೆಯಲ್ಲೇ ತಡೆ ಹಾಕುತ್ತಾರೆ. ಆದ್ದರಿಂದ ಮೊದಲ ಒಂದೆರಡು ಗಂಟೆಯೊಳಗೆ ಮಾಡಿದ ಫೋನಿಗೂ ಹತ್ತು ದಿನದ ನಂತರ ಮಾಡಿದ ಫೋನಿಗೂ ಬಹಳ ಅಂತರ. ಹಾಗಂತ ದೂರು ಕೊಡದೆ ಇರಬೇಡಿ. ಅದೇ ಖಾತೆಯ ಮೇಲೆ ಬೇರೆಯವರ ದೂರೂ ಬಂದು, ಒಂದಿಷ್ಟು ಹಣ ತಡೆಯಾಗಿ ನಿಂತಿದ್ದರೆ, ಅದು ಸಿಗಬಹುದು. ದೂರೇ ಇಲ್ಲದವರಿಗೆ ಆ ದಾರಿಯೂ ಇಲ್ಲ.

ಬ್ಯಾಂಕು ತುಂಬಿಕೊಡುತ್ತದಾ? 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ಮೂರನೆಯವರಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಒಂದು ರೂಪಾಯಿಯ ಹೊರೆಯೂ ಬೀಳಬಾರದು. ಆದರೆ ಒಟಿಪಿ, ಪಿನ್ ನಾವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಸರಿಯಿಲ್ಲ ಅನ್ನಿಸಿದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇನ್ನು ತಂದೆಯವರ ವಿಷಯ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಈಗ ಹುಬ್ಬಳ್ಳಿ-ಧಾರವಾಡದ ಹಿರಿಯರಿಗೆ ಇದನ್ನೇ ಹೇಳಿಕೊಡುತ್ತಿದ್ದೇನೆ. ಓದು ಬರಹ ಇಲ್ಲದವರು ಮಾತ್ರ ಮೋಸ ಹೋಗುತ್ತಾರೆ ಅನ್ನುವುದು ಶುದ್ಧ ಸುಳ್ಳು. ಮಾಸ್ತರು, ಡಾಕ್ಟರು, ವಕೀಲರು, ನಿವೃತ್ತ ಬ್ಯಾಂಕ್ ಮ್ಯಾನೇಜರುಗಳೂ ಹಣ ಕಳೆದುಕೊಂಡಿದ್ದಾರೆ. ಫೋನ್ ಮಾಡುವವನಿಗೆ ಅದು ದಿನವಿಡೀ ಮಾಡುವ ಕೆಲಸ. ಏನು ಹೇಳಿದರೆ ಏನು ಉತ್ತರ ಬರುತ್ತದೆ, ಅದಕ್ಕೆ ಮುಂದೆ ಏನು ಹೇಳಬೇಕು ಎಲ್ಲ ಬರೆದಿಟ್ಟುಕೊಂಡಿರುತ್ತಾನೆ. ತಂದೆಯವರಿಗೆ ಅದು ಜೀವನದಲ್ಲಿ ಮೊದಲ ಸಲ, ಅದೂ ಊಟಕ್ಕೆ ಕೂರುವ ಹೊತ್ತೋ ಮಲಗುವ ಹೊತ್ತೋ. ಅವರು ದಡ್ಡರಲ್ಲ ಅಂತ ನೀವು ಬಾಯಿಬಿಟ್ಟು ಹೇಳಬೇಕು. ಅವರು ಒಂದು ವಾರ ಮುಚ್ಚಿಟ್ಟದ್ದು ನಾಚಿಕೆಯಿಂದ. "ಏನಪ್ಪಾ ಇಷ್ಟೂ ತಿಳಿಯಂಗಿಲ್ಲೇನು ನಿನಗ" ಅಂತ ಮನೆಯಲ್ಲಿ ಯಾರಾದರೂ ಒಬ್ಬರು ಅಂದುಬಿಟ್ಟರೆ ಮುಂದಿನ ಸಲವೂ ಮುಚ್ಚಿಡುತ್ತಾರೆ, ಮತ್ತೆ ಆ ಮೊದಲ ಒಂದೆರಡು ಗಂಟೆ ಹಾಗೇ ಕೈತಪ್ಪುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಯಾವುದು ನಿಜ, ಯಾವುದು ಮೋಸ ಅಂತ ಹೇಗೆ ಕಲಿಸುವುದು? ನನ್ನ ಉತ್ತರ: ಅದನ್ನು ಕಲಿಸಲೇಬೇಡಿ.

ಯಾಕೆ ಹೇಳುತ್ತೇನೆ. ಮೊದಲೆಲ್ಲ ಹಿಂದಿಯಲ್ಲಿ ಮಾತಾಡಿದರೆ ಅನುಮಾನ ಪಡಿ ಅನ್ನುತ್ತಿದ್ದೆವು, ಈಗ ಚೆಂದದ ಕನ್ನಡದಲ್ಲೇ ಮಾತಾಡುತ್ತಾರೆ. ಮೆಸೇಜಿನಲ್ಲಿ ಕಾಗುಣಿತದ ತಪ್ಪು ಇರುತ್ತದೆ ಅನ್ನುತ್ತಿದ್ದೆವು, ಈಗ ತಪ್ಪೇ ಇರುವುದಿಲ್ಲ. ನಂಬರ್ ನೋಡಿ ಅನ್ನೋಣ ಎಂದರೆ, ವಿದೇಶದಿಂದ ಮಾಡಿದ ಕರೆಯನ್ನೂ ನಮ್ಮ ದೇಶದ ನಂಬರಿನಂತೆ ತೋರಿಸುವ ತಂತ್ರ ಇದೆ. ವಾಟ್ಸ್ಆ್ಯಪ್ ಫೋಟೋದಲ್ಲಿ ಪೊಲೀಸ್ ಅಧಿಕಾರಿಯ ಚಿತ್ರ ಹಾಕಿಕೊಳ್ಳಲು ಯಾರಿಗೂ ಎರಡು ನಿಮಿಷ ಸಾಕು. ನಿಮ್ಮ ಹೆಸರು, ಜನ್ಮದಿನ, ಆಧಾರ್‌ನ ಕೊನೆಯ ನಾಲ್ಕು ಅಂಕಿ, ಪೆನ್ಷನ್ ಆದೇಶದ (ಪಿಪಿಒ) ನಂಬರ್ ಎಲ್ಲ ಪಟಪಟ ಹೇಳುತ್ತಾರೆ. ಮಗನ ದನಿಯನ್ನೇ ಕಂಪ್ಯೂಟರಿನಲ್ಲಿ ತಯಾರಿಸಿ "ಅಪ್ಪಾ, ಆ್ಯಕ್ಸಿಡೆಂಟ್ ಆಗೇತಿ" ಅನ್ನಿಸುವ ಕಾಲ ಇದು. ಗುರುತು ಹಿಡಿಯುವ ಆಟದಲ್ಲಿ 71 ವರ್ಷದವರನ್ನು ನಿಲ್ಲಿಸಿದರೆ ಹತ್ತರಲ್ಲಿ ಒಂಬತ್ತು ಸಲ ಗೆದ್ದಾರು. ಹತ್ತನೆಯ ಸಲ ಸೋತರೆ ಖಾತೆ ಖಾಲಿ.

ಅದರ ಬದಲು ಒಂದೇ ನಿಯಮ ಇಟ್ಟುಕೊಳ್ಳಿ. ಹಣ, ಬ್ಯಾಂಕು, ಪೊಲೀಸು, ಪೆನ್ಷನ್, ಕರೆಂಟು, ಆಧಾರ್, ಪಾರ್ಸಲ್, ಇವುಗಳ ಮಾತು ಎತ್ತುವ ಯಾವ ಕರೆಯೇ ಬರಲಿ, ನಿಜವೋ ಸುಳ್ಳೋ ಯೋಚಿಸುವುದೇ ಬೇಡ, ಫೋನ್ ಇಟ್ಟುಬಿಡಬೇಕು. ಆಮೇಲೆ ತಮ್ಮ ಕೈಯಾರೆ, ತಮ್ಮ ಹತ್ತಿರ ಮೊದಲೇ ಇರುವ ನಂಬರಿಗೆ ತಾವೇ ಫೋನ್ ಮಾಡಬೇಕು. ಬಂದ ಕರೆಯಲ್ಲಿ ಆಚೆ ಯಾರಿದ್ದಾರೆ ಅಂತ ಆಯ್ಕೆ ಮಾಡಿದವನು ಅವನು. ನಾವೇ ಮಾಡಿದ ಕರೆಯಲ್ಲಿ ಆಯ್ಕೆ ನಮ್ಮದು. ವ್ಯತ್ಯಾಸ ಇಷ್ಟೇ, ಆದರೆ ಇಷ್ಟರಲ್ಲೇ ಮುಕ್ಕಾಲು ಪಾಲು ಮೋಸ ನಿಂತುಹೋಗುತ್ತದೆ. ಕರೆ ನಿಜವಾದದ್ದೇ ಆಗಿದ್ದರೆ? ಏನೂ ನಷ್ಟವಿಲ್ಲ, ಐದು ನಿಮಿಷ ತಡವಾಗಿ ಅದೇ ಕೆಲಸ ಆಗುತ್ತದೆ. ಐದು ನಿಮಿಷ ಕಾಯಲಾಗದ ಸರ್ಕಾರಿ ಕೆಲಸ ನಾನಂತೂ ಕಂಡಿಲ್ಲ.

ಮೊದಲೇ ಇರುವ ನಂಬರು ಅಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಸ್‌ಬುಕ್ಕಿನ ಮೇಲಿನದು, ಎಟಿಎಂ ಕಾರ್ಡಿನ ಹಿಂದೆ ಅಚ್ಚಾಗಿರುವುದು, ಕರೆಂಟ್ ಬಿಲ್ಲಿನ ಮೇಲಿರುವುದು, ಇವು ನಂಬುವಂಥವು. ಗೂಗಲ್‌ನಲ್ಲಿ "ಕಸ್ಟಮರ್ ಕೇರ್" ಅಂತ ಹುಡುಕಿ ಸಿಕ್ಕ ನಂಬರ್ ಬೇಡವೇ ಬೇಡ. ಅಲ್ಲಿ ನಕಲಿ ನಂಬರುಗಳನ್ನು ತೂರಿಸಿಟ್ಟಿರುತ್ತಾರೆ, ಗ್ಯಾಸ್ ಬುಕಿಂಗ್, ಕೊರಿಯರ್, ಆಸ್ಪತ್ರೆ ಅಪಾಯಿಂಟ್‌ಮೆಂಟ್ ಅಂತ ಹುಡುಕಿದವರು ತಾವಾಗಿಯೇ ಹೋಗಿ ಬೀಳುತ್ತಾರೆ.

ಫೋನ್ ಇಡುವುದು ಸುಲಭ ಅಂದುಕೊಳ್ಳಬೇಡಿ. ಹಿರಿಯರಿಗೆ ನಿಜವಾಗಿ ಕಷ್ಟವಾಗುವುದು ಅದೇ. ನಮ್ಮ ಭಾಗದಲ್ಲಿ ಎದುರಿನವರು ಮರ್ಯಾದೆಯಿಂದ ಮಾತಾಡುತ್ತಿರುವಾಗ ನಡುವೆ ಫೋನ್ ಇಡುವುದು ಸೊಕ್ಕು ಅನ್ನಿಸುತ್ತದೆ. "ಸರ್, ನಮಸ್ಕಾರ ಸರ್, ಆರಾಮ ಅದೀರಿ?" ಅಂತ ಶುರು ಮಾಡಿದವನಿಗೆ ಉತ್ತರ ಕೊಡದೆ ಇರಲು ಅವರಿಂದ ಆಗುವುದಿಲ್ಲ. ಮೋಸಗಾರ ಕೂತಿರುವುದೇ ಆ ಸೌಜನ್ಯದ ಮೇಲೆ. ಅದಕ್ಕೆ ನಾನು ಹಿರಿಯರಿಗೆ ಒಂದು ಮಾತನ್ನು ಬಾಯಿಪಾಠ ಮಾಡಿಸುತ್ತೇನೆ: "ಆತ್ರಿ, ನಾನs ಬ್ಯಾಂಕಿಗೆ ಬಂದು ಮಾಡಸ್ತೀನ್ರಿ." ಇಷ್ಟು ಹೇಳಿ ಇಟ್ಟುಬಿಡುವುದು. ಜಗಳವಿಲ್ಲ, ಒರಟುತನವಿಲ್ಲ. ಮತ್ತೆ ಫೋನ್ ಬಂದರೆ ಎತ್ತುವುದಿಲ್ಲ. ಈ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ನಿಮ್ಮ ನಂಬರು, ಬ್ಯಾಂಕ್ ಶಾಖೆಯ ನಂಬರು, 1930, ಕರೆಂಟ್ ಕಂಪನಿ ಹೆಸ್ಕಾಂನ 1912 ಬರೆದು ಅವರು ಕೂರುವ ಕುರ್ಚಿಯ ಹತ್ತಿರ ಗೋಡೆಗೆ ಅಂಟಿಸಿ. ನೀವು ಒಂದೆರಡು ಸಲ ಮೋಸಗಾರನ ಹಾಗೆ ಮಾತಾಡಿ ಅವರಿಂದ ಫೋನ್ ಇಡಿಸಿ ನೋಡಿ. ನಗು ಬರಬಹುದು, ಆದರೆ ಬಾಯಿಗೆ ರೂಢಿಯಾಗದ ಮಾತು ಗಾಬರಿಯಲ್ಲಿ ನೆನಪಾಗುವುದಿಲ್ಲ.

ಲೈಫ್ ಸರ್ಟಿಫಿಕೇಟ್ ವಿಷಯಕ್ಕೆ ಬರುತ್ತೇನೆ. ಅದನ್ನು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ ಕೊಡುವುದು. ಬ್ಯಾಂಕಿಗೆ ಹೋಗಿ ಕೊಡಬಹುದು. ಸರ್ಕಾರದ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆಯ ಮೂಲಕ ಬೆರಳಚ್ಚು ಅಥವಾ ಮುಖ ತೋರಿಸಿ ಮಾಡಬಹುದು, ಪೋಸ್ಟ್‌ಮ್ಯಾನ್ ಮನೆಗೆ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ಎಲ್ಲದರಲ್ಲೂ ಮನುಷ್ಯ ಬದುಕಿದ್ದಾನೆ ಅಂತ ಅವನ ಮುಖದಿಂದಲೋ ಬೆರಳಿನಿಂದಲೋ ಸಾಬೀತಾಗಬೇಕು. ಆಫೀಸಿನಲ್ಲಿ ಕೂತವನೊಬ್ಬ ಫೋನಿನಲ್ಲಿ ಒಟಿಪಿ ಬರೆದುಕೊಂಡು ಮಾಡಿಕೊಡುವ ಕೆಲಸವೇ ಅಲ್ಲ ಅದು.

ಆ ಒಟಿಪಿ ಮೆಸೇಜನ್ನು ಈಗ ತಂದೆಯವರ ಜೊತೆ ಕೂತು ತೆರೆದು ಓದಿ. ಅಳಿಸಿ ಹಾಕಿರದಿದ್ದರೆ ಅಲ್ಲೇ ಇರುತ್ತದೆ. ಆರು ಅಂಕಿಯ ಅಕ್ಕಪಕ್ಕದಲ್ಲೇ ಅದು ಯಾವುದಕ್ಕೆ ಅಂತ ಬರೆದಿರುತ್ತದೆ: ಇಷ್ಟು ರೂಪಾಯಿ ಪಾವತಿಗೆ, ಅಥವಾ ಹೊಸ ಫೋನಿನಲ್ಲಿ ನೋಂದಣಿಗೆ, ಯಾರಿಗೂ ಹೇಳಬೇಡಿ, ಬ್ಯಾಂಕಿನವರಿಗೂ ಹೇಳಬೇಡಿ. ಆದರೆ ಅದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಒತ್ತೊತ್ತಾಗಿ ಇರುತ್ತದೆ. ಕಿವಿಯಲ್ಲಿ ಒಬ್ಬ "ಬೇಗ ಹೇಳ್ರಿ ಸರ್, ಟೈಮ್ ಮುಗಿತೈತಿ" ಅನ್ನುತ್ತಿರುವಾಗ ಕಣ್ಣು ಅಂಕಿಯನ್ನು ಮಾತ್ರ ಹುಡುಕುತ್ತದೆ, ಸುತ್ತಲಿನ ಸಾಲು ಕಾಣುವುದೇ ಇಲ್ಲ. ಅಂಕಿ ಓದುವ ಮೊದಲು ಸಾಲು ಓದಬೇಕು ಅನ್ನುವುದನ್ನು ಮಾಸ್ತರಿಗೆ ನೀವು ವಿವರಿಸಬೇಕಾಗಿಲ್ಲ, ಒಮ್ಮೆ ತೋರಿಸಿದರೆ ಸಾಕು.

ಮೆಸೇಜುಗಳಲ್ಲಿ ಒಂದು ಅನುಕೂಲ ಇದೆ, ಬರೆದದ್ದು ಓಡಿಹೋಗುವುದಿಲ್ಲ, ನಿಧಾನವಾಗಿ ನೋಡಬಹುದು. ಬ್ಯಾಂಕು, ಸರ್ಕಾರಿ ಇಲಾಖೆಗಳ ಎಸ್ಸೆಮ್ಮೆಸ್ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಅಕ್ಷರದ ಹೆಸರಿನಿಂದ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಒಂದು ಅಕ್ಷರ ಸೇರಿಸುತ್ತಿದ್ದಾರೆ. ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆಯ ವಿಷಯ, ಟಿ ಇದ್ದರೆ ವ್ಯವಹಾರದ್ದು, ಜಿ ಇದ್ದರೆ ಸರ್ಕಾರದ್ದು. "ಹೋದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9:30ಕ್ಕೆ ನಿಮ್ಮ ಕರೆಂಟ್ ಕಟ್, ಕೂಡಲೇ ಈ ಅಧಿಕಾರಿಗೆ ಫೋನ್ ಮಾಡಿ" ಅಂತ ಮೊಬೈಲ್ ನಂಬರಿನಿಂದ ಬಂದ ಮೆಸೇಜನ್ನು ಅಲ್ಲೇ ಅಳಿಸಬಹುದು. ಬಿಲ್ ಬಾಕಿ ಇದೆಯೋ ಇಲ್ಲವೋ ಅಂತ ಅನುಮಾನ ಬಂದರೆ 1912. ಬ್ಯಾಂಕುಗಳಿಂದ ಬರುವ ನಿಜವಾದ ಕರೆಗೂ 1600ರಿಂದ ಶುರುವಾಗುವ ಪ್ರತ್ಯೇಕ ನಂಬರುಗಳನ್ನು ಕೊಡುತ್ತಿದ್ದಾರೆ. ಇವೆಲ್ಲ ಗೊತ್ತಿರಲಿ, ಆದರೆ ಇವನ್ನೇ ನೆಚ್ಚಬೇಡಿ. ಹೆಸರು ಸರಿಯಿದೆ ಅಂತ ಲಿಂಕ್ ಒತ್ತುವುದು ಬೇಡ. ಲಿಂಕ್ ಯಾರೇ ಕಳಿಸಲಿ, ಆ ಕೆಲಸವನ್ನು ನಿಮ್ಮ ಫೋನಿನಲ್ಲಿ ಮೊದಲೇ ಇರುವ ಬ್ಯಾಂಕಿನ ಆ್ಯಪ್ ತೆರೆದು ಮಾಡಬಹುದಲ್ಲ. ಇಲ್ಲೂ ಅದೇ ನಿಯಮ, ಬಾಗಿಲು ನೀವೇ ತೆರೆಯಬೇಕು.

ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲಿನ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮದುವೆ ಕರೆಯೋಲೆ, ಆರ್‌ಟಿಒ ಚಲನ್, ಪಿಎಂ ಕಿಸಾನ್ ಕಂತು, ಬ್ಯಾಂಕಿನ ಕೆವೈಸಿ, ಯಾವ ಹೆಸರಿನಲ್ಲೇ ಬರಲಿ, ಫೈಲಿನ ಕೊನೆಗೆ ಎಪಿಕೆ ಅಂತ ಇದ್ದರೆ ಅದು ಫೋಟೋ ಅಲ್ಲ, ಕಾಗದವೂ ಅಲ್ಲ, ಒಂದು ಆ್ಯಪ್. ಅದನ್ನು ಹಾಕಿಕೊಂಡು, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ನಿಮಗೆ ಬರುವ ಎಸ್ಸೆಮ್ಮೆಸ್ ಎಲ್ಲ ಅವನಿಗೂ ಕಾಣಿಸುತ್ತದೆ. ಆಮೇಲೆ ಒಟಿಪಿ ಕೇಳುವ ಅಗತ್ಯವೇ ಅವನಿಗಿಲ್ಲ. ಇದು ಹೆಚ್ಚಾಗಿ ಪರಿಚಯದವರ ನಂಬರಿನಿಂದಲೇ ಬರುತ್ತದೆ, ಯಾಕೆಂದರೆ ಅವರ ಫೋನ್ ಮೊದಲೇ ಕೈತಪ್ಪಿರುತ್ತದೆ. ಊರಿನ ರೈತರ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಫೈಲ್ ಬಿದ್ದರೆ, ಹಾಕಿದವನು ನಮ್ಮ ಓಣಿಯವನೇ ಅಲ್ಲೇನು ಅಂತ ನಂಬಿ ಎಲ್ಲರೂ ಒತ್ತುತ್ತಾರೆ. ಸರ್ಕಾರ ಯಾವ ಕಂತನ್ನೂ, ಗೃಹಲಕ್ಷ್ಮಿಯ ದುಡ್ಡನ್ನೂ, ಎಪಿಕೆ ಕಳಿಸಿ ಹಂಚುವುದಿಲ್ಲ. ಯಾರಾದರೂ ಒತ್ತಿಬಿಟ್ಟಿದ್ದರೆ ಕೂಡಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಆಮೇಲೆ ಫೋಟೋ, ನಂಬರುಗಳನ್ನಷ್ಟೇ ತೆಗೆದಿಟ್ಟುಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ, ಎಲ್ಲ ಪಿನ್ ಬದಲಿಸಿ. ಆ ಆ್ಯಪ್ ಒಂದನ್ನೇ ಅಳಿಸಿದರೆ ಸಾಲದು.

ಇನ್ನೊಂದು ದೊಡ್ಡ ಮೋಸದ ಬಗ್ಗೆ ತಂದೆಯವರಿಗೆ ಮೊದಲೇ ಹೇಳಿಟ್ಟಿರಿ, ಡಿಜಿಟಲ್ ಅರೆಸ್ಟ್, ಅಂದರೆ ಫೋನಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸಿ ಹಣ ಕೀಳುವುದು. ಒಮ್ಮೆ ಹಣ ಕೊಟ್ಟವರ ನಂಬರು ಕೈಯಿಂದ ಕೈಗೆ ಹೋಗುತ್ತದೆ, ಹಾಗಾಗಿ ಅವರಿಗೆ ಇನ್ನೊಂದು ಕರೆ ಬರುವ ಸಾಧ್ಯತೆ ಜಾಸ್ತಿ. ನಿಮ್ಮ ಹೆಸರಿನ ಪಾರ್ಸಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್‌ನಲ್ಲಿ ತೆಗೆದ ಖಾತೆಯಿಂದ ಕೋಟಿಗಟ್ಟಲೆ ವ್ಯವಹಾರ ನಡೆದಿದೆ ಅಂತ ಶುರುವಾಗುತ್ತದೆ. ವಿಡಿಯೋದಲ್ಲಿ ಪೊಲೀಸ್ ಬಟ್ಟೆ ಹಾಕಿದವನು, ಹಿಂದೆ ಲಾಂಛನ, ಕೆಲವೊಮ್ಮೆ ನ್ಯಾಯಾಧೀಶನ ವೇಷದವನೂ ಬರುತ್ತಾನೆ. ಕ್ಯಾಮೆರಾ ಆರಿಸಬಾರದು, ಮನೆಯವರಿಗೆ ಹೇಳಬಾರದು, ಹೇಳಿದರೆ ಅವರನ್ನೂ ಹಿಡಿಯುತ್ತೇವೆ ಅನ್ನುತ್ತಾರೆ.

ನಾನು ಶಾಖೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಧ್ಯಾಹ್ನ ಜನ ಕಡಿಮೆ ಇದ್ದ ಹೊತ್ತಿನಲ್ಲಿ ಒಬ್ಬ ಹಿರಿಯರು ಬಂದರು. ಮೊದಲಿನಿಂದ ಗೊತ್ತಿದ್ದವರು, ಬಂದರೆ ಒಂದು ಮಾತು ನಗುತ್ತಾ ಆಡಿ ಹೋಗುವವರು. ಅವತ್ತು ಮುಖ ಎತ್ತಲಿಲ್ಲ. ಎಲ್ಲ ಎಫ್‌ಡಿ ಪತ್ರ ಕೌಂಟರಿನ ಮೇಲೆ ಇಟ್ಟು "ಅರ್ಜೆಂಟ್ ಐತ್ರಿ, ಎಲ್ಲಾ ಮುರೀರಿ" ಅಂದರು. ಯಾಕೆ ಅಂದರೆ "ಮೊಮ್ಮಗಳ ಮದುವಿ" ಅಂದರು. ಅಂಗಿಯ ಕಿಸೆಯಲ್ಲಿ ಫೋನ್ ಇತ್ತು, ಪರದೆ ಬೆಳಗುತ್ತಿತ್ತು, ಕ್ಯಾಮೆರಾ ಕಿಸೆಯ ಮೇಲೆ ಇಣುಕುವಂತೆ ಇಟ್ಟಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಬಹಳ ಜಾಣೆ. ಬಾಯಿಬಿಟ್ಟು ಏನೂ ಕೇಳಲಿಲ್ಲ. ಚಲನ್ ಹಿಂದೆ "ಫೋನಿನಲ್ಲಿ ಯಾರಿದ್ದಾರೆ? ಪೊಲೀಸರೇ?" ಅಂತ ಬರೆದು, ಸಹಿ ಮಾಡಿ ಅನ್ನುವವಳ ಹಾಗೆ ಅವರ ಕಡೆ ಸರಿಸಿದಳು. ಅವರು ಓದಿದರು. ಪೆನ್ ಹಿಡಿದ ಕೈ ನಡುಗಿತು, ಹೌದೆಂದು ತಲೆ ಅಲ್ಲಾಡಿಸಿದರು. ನಾನು ಫೋನ್ ತೆಗೆದುಕೊಂಡು ಆರಿಸಿದೆ. ಅವರು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು, ನೀರು ಕುಡಿದ ಮೇಲೆ ಮೊದಲು ಕೇಳಿದ್ದು "ಈಗ ನನ್ನ ಮಗನ್ನ ಹಿಡೀತಾರೇನ್ರಿ?" ಅಂತ. ಹಿಂದಿನ ರಾತ್ರಿಯಿಂದ ಒಂದೇ ಮನೆಯಲ್ಲಿದ್ದ ಹೆಂಡತಿಗೂ ಹೇಳಿರಲಿಲ್ಲ.

ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೂ ಮನ್ ಕಿ ಬಾತ್‌ನಲ್ಲಿ ಇದನ್ನು ಹೇಳಿದ್ದರು. ನಿಜವಾಗಿ ಬಂಧಿಸಿದರೆ ಆ ವಿಷಯವನ್ನು ಮನೆಯವರಿಗೋ ಆಪ್ತರಿಗೋ ಪೊಲೀಸರು ತಿಳಿಸಲೇಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಕಾನೂನು. ಅಂದಮೇಲೆ ಯಾರಿಗೂ ಹೇಳಬೇಡ ಅನ್ನುವವನು ಪೊಲೀಸ್ ಆಗಿರಲು ಸಾಧ್ಯವೇ ಇಲ್ಲ. ತಂದೆಯವರಿಗೆ ಬೇರೆ ಏನು ಮರೆತರೂ ಪರವಾಗಿಲ್ಲ, ಇದೊಂದು ಗಟ್ಟಿಯಾಗಿ ನೆನಪಿರಲಿ. "ಯಾರಿಗೂ ಹೇಳಬೇಡಿ" ಅನ್ನುವ ಮಾತು ಬಂದ ಕ್ಷಣವೇ ಪಕ್ಕದ ಮನೆಯವರನ್ನು ಕೂಗಬೇಕು.

ಇಮೇಲ್ ತಂದೆಯವರಿಗಿಂತ ನಿಮಗೆ, ನಿಮ್ಮ ಆಫೀಸಿಗೆ ಹೆಚ್ಚು ಸಂಬಂಧಪಟ್ಟದ್ದು. ಕಳಿಸಿದವರ ಹೆಸರನ್ನು ನೋಡಬೇಡಿ, ಅದನ್ನು ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಹೆಸರಿನ ಮೇಲೆ ಒತ್ತಿ ಒಳಗಿನ ವಿಳಾಸ ನೋಡಿ, ಅದೂ ಕೊನೆಯಿಂದ ಹಿಂದಕ್ಕೆ ಓದಿ. ಸರ್ಕಾರದ್ದಾದರೆ ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಎಂದು ಮುಗಿಯಬೇಕು. ಬ್ಯಾಂಕುಗಳು ತಮ್ಮ ಜಾಲತಾಣವನ್ನು ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಿಸಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಬ್ಯಾಂಕಿನ ಹೆಸರು ನಡುವೆ ಎಲ್ಲೋ ಇದ್ದು ಕೊನೆಗೆ ಬೇರೇನೋ ಇದ್ದರೆ ಅದು ಬ್ಯಾಂಕಿನದಲ್ಲ. ಆದಾಯ ತೆರಿಗೆ ನೋಟಿಸ್ ಅಂತ ಬಂದರೆ ಅದರ ಮೇಲೆ ಡಿಐಎನ್ ಎಂಬ ನಂಬರ್ ಇರಬೇಕು, 2019ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ಇಲಾಖೆಯ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ ಪರೀಕ್ಷೆ ಮಾಡಬಹುದು.

ವ್ಯಾಪಾರಸ್ಥರು ಇದೊಂದನ್ನು ಓದಲೇಬೇಕು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿರಲಿ, ಅಮರಗೋಳ ಎಪಿಎಂಸಿಯ ಅಂಗಡಿಯವರಿರಲಿ, ದೂರದ ಊರಿನ ಪಾರ್ಟಿಯ ಜೊತೆ ಇಮೇಲ್‌ನಲ್ಲೇ ಬಿಲ್ಲು, ಲೆಕ್ಕ ನಡೆಯುತ್ತದೆ. ಒಂದು ದಿನ ಅದೇ ಪಾರ್ಟಿಯ ಹೆಸರಿನಿಂದ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ" ಅಂತ ಮೇಲ್ ಬರುತ್ತದೆ. ಹಳೆಯ ಮೇಲಿನ ಸರಣಿಯಲ್ಲೇ ಬಂದಿರುತ್ತದೆ, ಬಿಲ್ಲಿನ ಮೊತ್ತವೂ ಸರಿಯಿರುತ್ತದೆ, ಯಾಕೆಂದರೆ ಯಾರೋ ಒಬ್ಬರ ಮೇಲ್ ಪಾಸ್‌ವರ್ಡ್ ಕದ್ದು ಒಳಗೆ ಕೂತು ಎಲ್ಲವನ್ನೂ ಓದಿರುತ್ತಾರೆ. ಖಾತೆ ನಂಬರ್ ಬದಲಾಯಿತು ಅಂದರೆ ಹಳೆಯ ಫೋನ್ ನಂಬರಿಗೆ ಫೋನ್ ಮಾಡಿ ಆ ಸಾಹುಕಾರರ ದನಿಯಲ್ಲೇ ಕೇಳಿಸಿಕೊಳ್ಳದೆ ಒಂದು ಪೈಸೆ ಹಾಕಬೇಡಿ.

ನಿಜವಾದ ಬದಲಾವಣೆ ನಡೆಯುವ ಹೊತ್ತು ಮೋಸಕ್ಕೆ ಒಳ್ಳೆಯ ಹೊತ್ತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ವಿಲೀನವಾಗಿ ಬಳ್ಳಾರಿ ಕೇಂದ್ರ ಕಚೇರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ನಮ್ಮ ಹಳ್ಳಿಗಳಲ್ಲಿ ಎಷ್ಟು ಜನರ ಖಾತೆ ಅಲ್ಲಿದೆ ನಿಮಗೇ ಗೊತ್ತು. "ಬ್ಯಾಂಕ್ ಹೆಸರು ಬದಲಾಗೇತಿ, ನಿಮ್ಮ ಕಾರ್ಡ್ ನಂಬರ್ ಹೇಳ್ರಿ" ಅಂತ ಯಾರಾದರೂ ಕೇಳಿದರೆ ಅರ್ಧ ಮಾತು ನಿಜವೇ ಆಗಿರುವುದರಿಂದ ಉಳಿದ ಅರ್ಧವನ್ನೂ ನಂಬುವುದು ಸುಲಭ. ಇಂಥ ಕೆಲಸ ಏನಿದ್ದರೂ ಶಾಖೆಗೆ ಹೋಗಿಯೇ ಮಾಡಿಸಿ.

ಬಟನ್ ಫೋನ್ ಕೊಡಬೇಕಾ ಅಂದಿರಿ. ಬೇಡ. ಅವರ ಹಣ ಹೋದದ್ದು ಮಾತಿನಿಂದ, ಒಟಿಪಿಯಿಂದ. ಬಟನ್ ಫೋನಿಗೂ ಕರೆ ಬರುತ್ತದೆ, ಒಟಿಪಿಯೂ ಬರುತ್ತದೆ. ಮೊಮ್ಮಕ್ಕಳ ಮುಖ ನೋಡುವುದೂ ತಪ್ಪಿ, ಶಿಕ್ಷೆ ಕೊಟ್ಟಂತಾಗುತ್ತದೆ, ಅಷ್ಟೇ. ಅದರ ಬದಲು ಹಣ ಇರುವ ಜಾಗವನ್ನು ಬೇರೆ ಮಾಡಿ. ಪೆನ್ಷನ್ ಬೀಳುವ ಖಾತೆಗೆ ಯುಪಿಐ ಇರಬಾರದು. ಇನ್ನೊಂದು ಸಣ್ಣ ಖಾತೆ ತೆರೆದು ಅದಕ್ಕೆ ಯುಪಿಐ ಜೋಡಿಸಿ, ತಿಂಗಳಿಗೆ ಔಷಧಿ, ಕಿರಾಣಿ, ಆಟೋಕ್ಕೆ ಬೇಕಾಗುವಷ್ಟು ಮಾತ್ರ ಅಲ್ಲಿಗೆ ಹಾಕಿ. ಏನೇ ತಪ್ಪಾದರೂ ಹೋಗುವುದು ಅಲ್ಲಿದ್ದಷ್ಟೇ. ಪೆನ್ಷನ್ ಖಾತೆಯ ಕಾರ್ಡಿನಲ್ಲಿ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರ ಬಂದ್ ಮಾಡಿಸಿ, ಎಟಿಎಂ ಮಿತಿ ಇಳಿಸಿ. ಎಫ್‌ಡಿ ಇದ್ದರೆ ಅದನ್ನು ಆನ್‌ಲೈನ್‌ನಲ್ಲಿ ಮುರಿಯಲು ಬಾರದಂತೆ ಮಾಡಬಹುದಾ ಅಂತ ಶಾಖೆಯಲ್ಲಿ ಕೇಳಿ. ಯುಪಿಐ ಪಿನ್ ಹಣ ಕೊಡುವುದಕ್ಕೆ ಮಾತ್ರ, ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಇದನ್ನೂ ಹೇಳಿ.

ಆಧಾರ್‌ನ ಬೆರಳಚ್ಚನ್ನು ಲಾಕ್ ಮಾಡಿಡಿ, ಆಧಾರ್ ತಾಣದಲ್ಲೇ ಆಗುತ್ತದೆ. ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡುವ ದಿನ ಅದನ್ನು ತೆರೆಯಬೇಕು, ಇಲ್ಲದಿದ್ದರೆ ಅವತ್ತು ಬೆರಳು, ಮುಖ ಎರಡೂ ತೆಗೆದುಕೊಳ್ಳುವುದಿಲ್ಲ. ಅವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಿ, ಗೊತ್ತಿಲ್ಲದ್ದು ಕಂಡರೆ ಅಲ್ಲೇ ತೆಗೆಸಬಹುದು. ಹಣ ಹೋಗದಿದ್ದರೂ ಅನುಮಾನದ ಕರೆ, ಮೆಸೇಜು ಬಂದರೆ ಅದರಲ್ಲೇ ಚಕ್ಷು ಅನ್ನುವ ಕಡೆ ತಿಳಿಸಬಹುದು. ಫೋನ್ ಎತ್ತದೆ ಇರುವ ತೊಂದರೆಗೆ ಇಷ್ಟು ಮಾಡಿ: ಮನೆಯವರು, ಡಾಕ್ಟರು, ಬ್ಯಾಂಕು, ನೆರೆಯವರ ನಂಬರುಗಳನ್ನು ಕನ್ನಡದಲ್ಲಿ ಹೆಸರು ಹಾಕಿ ಉಳಿಸಿ. ಹೆಸರು ಬಂದರೆ ಎತ್ತಲಿ, ಬರೀ ನಂಬರ್ ಬಂದರೆ ಬಿಡಲಿ. ನಿಜವಾಗಿ ಬೇಕಾದವರು ಮೆಸೇಜು ಹಾಕುತ್ತಾರೆ, ಅದನ್ನು ಸಂಜೆ ನಿಮ್ಮ ಜೊತೆ ಮಾತಾಡುವಾಗ ಓದಿ ಹೇಳಲಿ.

ನಿಮ್ಮ ಮನೆಯಲ್ಲಿ ಅಥವಾ ಬಂಧುಗಳಲ್ಲಿ ಕಾಲೇಜು ಓದುವ ಹುಡುಗರಿದ್ದರೆ ಅವರಿಗೂ ಒಂದು ಮಾತು ಹೇಳಿ. ನಿನ್ನ ಖಾತೆ ಸ್ವಲ್ಪ ದಿನ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ ಅಂತ ಯಾರಾದರೂ ಕೇಳಿದರೆ ಕೊಡಬಾರದು, ತಂದೆಯವರಂಥವರ ಹಣ ಹರಿದುಹೋಗುವುದು ಅಂಥ ಖಾತೆಗಳ ಮೂಲಕವೇ. ಪೊಲೀಸರು ಮೊದಲು ಬಂದು ನಿಲ್ಲುವುದು ಆ ಹುಡುಗನ ಮನೆ ಬಾಗಿಲಿಗೆ.

ದೂರು ಕೊಟ್ಟ ಮೇಲೆ ಅದರ ನಂಬರ್ ಹಿಡಿದು ಗದಗದ ಸಿಇಎನ್ ಠಾಣೆಗೆ ತಂದೆಯವರನ್ನು ಕರೆದುಕೊಂಡು ಹೋಗಿ. ಸೈಬರ್ ಅಪರಾಧದ ದೂರು ನೋಡುವ ಠಾಣೆ ಅದು, ಹಾವೇರಿಯಲ್ಲೂ ಹುಬ್ಬಳ್ಳಿ-ಧಾರವಾಡದಲ್ಲೂ ಇದೆ. ಬ್ಯಾಂಕಿಗೆ ಕೊಟ್ಟ ಅರ್ಜಿಯ ಪ್ರತಿ, ಖಾತೆಯ ಸ್ಟೇಟ್‌ಮೆಂಟ್, ಆ ಕರೆಯ ಮತ್ತು ಮೆಸೇಜಿನ ಸ್ಕ್ರೀನ್‌ಶಾಟ್ ಜೊತೆಗಿರಲಿ. ಇನ್ನು ಕೆಲವು ದಿನಗಳಲ್ಲಿ "ನಿಮ್ಮ 38,000 ಸಿಕ್ಕಿದೆ, ಬಿಡಿಸಿಕೊಳ್ಳಲು ಸ್ವಲ್ಪ ಫೀಸು ಕಟ್ಟಿ" ಅಂತ ಸೈಬರ್ ಪೊಲೀಸ್ ಹೆಸರಿನಲ್ಲೋ ವಕೀಲರ ಹೆಸರಿನಲ್ಲೋ ಒಂದು ಫೋನ್ ಬಂದರೂ ಬರಬಹುದು. ಹಣ ವಾಪಸ್ ಕೊಡಲು ಪೊಲೀಸರಾಗಲಿ, 1930ರವರಾಗಲಿ ಯಾವ ಫೀಸನ್ನೂ ಕೇಳುವುದಿಲ್ಲ. ಆ ಕರೆಗೂ ಬಾಯಿಪಾಠದ ಸಾಲನ್ನೇ ಸ್ವಲ್ಪ ಬದಲಿಸಿ "ನಾನs ಸ್ಟೇಷನ್ನಿಗೆ ಬರ್ತೀನ್ರಿ" ಅಂತ ಹೇಳಿ ಇಡಲಿ, ಆಮೇಲೆ ಠಾಣೆಗೆ ನೀವೇ ಫೋನ್ ಮಾಡಿ ಕೇಳಿ.